ಒಲೆಗೊಂದು ಕಂಬಳಿ

ಬ್ರೆಡ್ ಸುಡಲೆಂದು ಹಿತ್ತಲಿನಲ್ಲಿ ಇಟ್ಟಿಗೆಯ ಗುಮ್ಮಟದ ಒಲೆ ಕಟ್ಟಿದೆವು. ಶಾಖ ಸೋರದಂತೆ ಮೇಲೆ ಏನು ಹೊದಿಸುವುದು?

"ಹಳೇ ಕಲ್ನಾರು ಶೀಟು ಬಿದ್ದಿದೆ, ಒಡೆದು ಹಾಕೋಣ ಸ್ವಾಮಿ" ಎಂದರು ಮೇಸ್ತ್ರಿ. ಪುಕ್ಕಟೆ ನಿಜ. ಆದರೆ ಅದರ ಎಳೆ ಶ್ವಾಸಕೋಶ ಹೊಕ್ಕರೆ ದಶಕಗಳ ನಂತರವೂ ಕ್ಯಾನ್ಸರ್ ತರಬಲ್ಲದು. ಬೇಡವೆಂದೆ.

"ಮರಳು ಆಗದೇ ಅಪ್ಪ?" ಎಂದಳು ಎಂಟನೇ ತರಗತಿಯ ಮಗಳು. ಮರಳು ಶಾಖವನ್ನು ತಾನೇ ಕುಡಿಯುತ್ತದೆ. ಶಾಖವನ್ನು ತಡೆಯುವುದು ಕದಲದ ಗಾಳಿ. ಕಂಬಳಿಯ ಗುಟ್ಟೂ ಅದೇ. ಅಂಥ ಗಾಳಿಯನ್ನು ಹಿಡಿದಿಡುವ ವರ್ಮಿಕ್ಯುಲೈಟ್ ನರ್ಸರಿಯಲ್ಲಿ ಸಿಕ್ಕಿತು. ಅದರ 5 ಪಾಲಿಗೆ 1 ಪಾಲು ಸಿಮೆಂಟು ಕಲಸಿ 4 ಅಂಗುಲ ದಪ್ಪ ಮೆತ್ತಿದೆವು. ಒದ್ದೆ ಹೊದಿಕೆ ಶಾಖ ತಡೆಯದು. ಹಾಗಾಗಿ ವಾರವಿಡೀ ಸಣ್ಣ ಉರಿಯಲ್ಲೇ ಒಣಗಿಸಿದೆವು.

ಮಕ್ಕಳು ಒಲೆ ಕಟ್ಟಹೊರಟರೆ ತಡೆಯಬೇಡಿ. ಯಾವುದನ್ನು ಮುಟ್ಟಬಾರದು ಎಂಬುದನ್ನು ಮಾತ್ರ ಮೊದಲು ಹೇಳಿಕೊಡಿ.