ಕಾರು ಬಲಕ್ಕೆ ಎಳೆಯುತ್ತಿದೆಯೇ?

ಅಮ್ಮನನ್ನು ಕೂರಿಸಿಕೊಂಡು ತಿಪಟೂರಿಂದ ಕಂದಿಕೆರೆಗೆ ಹೋಗುವಾಗ ಕಾರು ಬಲಕ್ಕೆ ಎಳೆಯತೊಡಗಿತು. ಎದುರಿಂದ ತೆಂಗಿನಕಾಯಿ ಲಾರಿಗಳು ಬರುವ ರಸ್ತೆಯಲ್ಲಿ ಇದು ಸಣ್ಣ ತೊಂದರೆಯಲ್ಲ. ಮಳೆನೀರು ಹರಿದುಹೋಗಲೆಂದು ರಸ್ತೆ ನಡುವೆ ಉಬ್ಬಿ ಅಂಚಿಗೆ ಇಳಿದಿರುತ್ತೆ. ಹಾಗಾಗಿ ಎಡಕ್ಕೆ ತುಸು ವಾಲಿದರೆ ಸಹಜ. ಬಲಕ್ಕೆ ಎಳೆದರೆ ದೋಷ ಗಾಡಿಯದ್ದೇ ಇರಬೇಕು.

ಫೋನಿನಲ್ಲಿ ಕೇಳಿದ ಗೆಳೆಯರೆಲ್ಲ ‘ಅಲೈನ್‌ಮೆಂಟ್ ಮಾಡಿಸು’ ಅಂದರು. ಊರಿನ ಮೆಕ್ಯಾನಿಕ್ ಮಾತ್ರ, “ಯಾವಾಗ ಎಳೀತದಪ್ಪ? ಓಡುವಾಗ್ಲೋ, ಬ್ರೇಕ್ ಹಾಕ್ದಾಗ್ಲೋ?” ಎಂದು ಕೇಳಿದರು.

ಓಡುವಾಗ ಯಾವಾಗಲೂ ಎಳೆದರೆ ಮೊದಲು ಗಾಳಿ ನೋಡಬೇಕಂತೆ. ಟೈರು ತಣ್ಣಗಿರುವಾಗ, ಡ್ರೈವರ್ ಬಾಗಿಲ ಬಳಿಯ ಸ್ಟಿಕ್ಕರಿನಲ್ಲಿರುವ ಅಳತೆಗೆ. ಗಾಳಿ ಸರಿಯಿದ್ದರೆ ಮುಂದಿನ ಎರಡು ಚಕ್ರ ಅದಲುಬದಲು ಮಾಡಿ ಓಡಿಸುವುದು. ಎಳೆತವೂ ಆಚೆ ಬದಿಗೆ ಹೋದರೆ ದೋಷ ಟೈರಿನದು. ಬ್ರೇಕ್ ಹಾಕಿದಾಗ ಮಾತ್ರ ಎಳೆದರೆ ಎರಡೂ ಬದಿಯ ಬ್ರೇಕ್ ಸಮವಾಗಿ ಹಿಡಿಯುತ್ತಿಲ್ಲ.

ನಮ್ಮ ಗಾಡಿಯಲ್ಲಿ ಗಾಳಿ, ಟೈರು ಎರಡೂ ಸರಿಯಿದ್ದವು. ಅವರು ಸ್ವಲ್ಪ ದೂರ ಓಡಿಸಿ ನಿಲ್ಲಿಸಿ, ಚಕ್ರಗಳ ಹತ್ತಿರ ಅಂಗೈ ಹಿಡಿದರು, ಮುಟ್ಟಲಿಲ್ಲ. ಬಲಗಡೆಯದು ಕಾದ ಹೆಂಚಿನಂತಿತ್ತು. ಕ್ಯಾಲಿಪರಿನ ಪಿನ್ನು ತುಕ್ಕು ಹಿಡಿದು, ಪೆಡಲ್ ಬಿಟ್ಟ ಮೇಲೂ ಬ್ರೇಕ್ ಬಿಡುತ್ತಿರಲಿಲ್ಲ. ತೊಳೆದು, ಗ್ರೀಸ್ ಹಚ್ಚಿದ ಮೇಲೆ ಕಾರು ನೇರ ಓಡಿತು. ಹಾಗೇ ಬಿಟ್ಟಿದ್ದರೆ ಬ್ರೇಕ್ ಕಾದು ಕಾದು, ಬೇಕಾದಾಗಲೇ ಹಿಡಿಯದೆ ಹೋಗಬಹುದಿತ್ತು. ಅಲೈನ್‌ಮೆಂಟಿನಿಂದ ಇದು ಸರಿಹೋಗುತ್ತಿರಲಿಲ್ಲ.

ನೀವೂ ಗ್ಯಾರೇಜಿಗೆ ಹೋದಾಗ ‘ಗಾಡಿ ಎಳೆಯುತ್ತೆ’ ಅಂತಷ್ಟೇ ಹೇಳಬೇಡಿ. ಯಾವ ಕಡೆಗೆ, ಯಾವಾಗ ಅನ್ನೋದನ್ನೂ ಹೇಳಿ.