ಹನ್ನೊಂದೂವರೆ ಇಂಚು

ಬಚ್ಚಲುಮನೆಯ ಹಗ್ಗಕ್ಕೆ ಕ್ಲಿಪ್ಪು ಹಾಕಿ ಇಳಿಬಿಟ್ಟಿದ್ದ ನಾಲ್ಕು ಶೀಟುಗಳಲ್ಲಿ ಮೂರು ತೆಳು. ತೆಳು ಅಂದರೆ ಮದುವೆಮನೆಯಲ್ಲಿ ಮೂರನೇ ಪಂಕ್ತಿಗೆ ಬರುವ ಮಜ್ಜಿಗೆಯ ಹಾಗೆ. ಹೆಸರಿಗೆ ಮಜ್ಜಿಗೆ, ಲೋಟದ ತಳ ಕಾಣಿಸುತ್ತಿರುತ್ತದೆ. ಹಲ್ಲುಜ್ಜಲು ಹೋದವನು ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಒಂದೊಂದನ್ನೂ ಕಿಟಕಿಗೆ ಹಿಡಿದು ನೋಡಿದೆ. ಪೇಸ್ಟು ಅಂಗಿಯ ಮೇಲೆ ಸುರಿದದ್ದು ಆಮೇಲೆ ಗೊತ್ತಾಯಿತು.

ಚಿತ್ರ ಶಿಕಾರಿಪುರದ ಕಡೆಯ ಒಂದು ವೀರಗಲ್ಲಿನದು. ಊರಾಚೆ ಚಪ್ಪಡಿ ಕಲ್ಲಿನ ಪುಟ್ಟ ಗೂಡು, ಒಳಗೆ ಕತ್ತಲು, ಮಾಡಿನ ಒಂದು ಸಂದಿಯಿಂದ ಇಳಿಯುವ ಬೆಳಕು. ಇಡೀ ಕಲ್ಲು ನನಗೆ ಬೇಕಿರಲಿಲ್ಲ. ಒಂದಡಿ ಎತ್ತರದ ತುಂಡು ಸಾಕಿತ್ತು: ಮೇಲೆ ವೀರನನ್ನು ಸ್ವರ್ಗಕ್ಕೆ ಒಯ್ಯುವ ಅಪ್ಸರೆಯರ ಪಾದ, ನಡುವೆ ಸವೆದ ಒಂದು ಸಾಲು ಹಳಗನ್ನಡ, ಕೆಳಗೆ ಕತ್ತಿ ಎತ್ತಿದವನ ಮುಖ. ನೆಗೆಟಿವ್‌ನಲ್ಲಿ ಪಾದಗಳು ಬಂದಿವೆ. ಅಕ್ಷರ ಅರೆಬರೆ. ವೀರನಿರಬೇಕಾದಲ್ಲಿ ಬರೀ ಬೋಳು ಫಿಲ್ಮು. ಕರೆದೊಯ್ಯಲು ಬಂದವರು ಬಂದು ನಿಂತಿದ್ದಾರೆ, ಹೋಗಬೇಕಾದವನೇ ನಾಪತ್ತೆ.

ನಾಲ್ಕನೆಯ ಶೀಟು, ಹೊರಗೆ ಬಿಸಿಲಲ್ಲಿ ನಿಂತು ಗೂಡನ್ನು ತೆಗೆದದ್ದು, ಸೊಗಸಾಗಿತ್ತು. ನಾಲ್ಕೂ ಎಚ್‌ಪಿ5, ನಾಲ್ಕೂ ಒಂದೇ ಟ್ಯಾಂಕಿನಲ್ಲಿ ಮಿಂದವು. ಐಸ್ ಹಾಕಿ 20 ಡಿಗ್ರಿಗೆ ಇಳಿಸಿದ ಐಡಿ-11ರಲ್ಲಿ ಏಳೂವರೆ ನಿಮಿಷ. ಆ ನಾಲ್ಕನೆಯದರ ಆಕಾಶವನ್ನು ದಿನಪತ್ರಿಕೆಯ ಮೇಲಿಟ್ಟು ನೋಡಿದೆ. ಕಪ್ಪಿನೊಳಗಿಂದ ಅಕ್ಷರಗಳನ್ನು ಕಣ್ಣು ಕಿರಿದು ಮಾಡಿ ಓದಬಹುದು, ಅಷ್ಟೇ. ಅಷ್ಟೇ ಇರಬೇಕು. ಅಲ್ಲಿಗೆ ಡೆವಲಪರ್ ನಿರಪರಾಧಿ. ಶಟರ್ ಮೇಲೂ ಅನುಮಾನ ಪಡುವಂತಿಲ್ಲ. ಹಳೇ ಶಟರುಗಳಿಗೆ ವಯಸ್ಸಾದವರಂತೆ ಕೀಲು ಹಿಡಿಯುತ್ತದೆ, ನಿಧಾನವಾಗುತ್ತವೆ. ಅವಸರ ಮಾಡಿ ಬೆಳಕು ಕದಿಯುವ ಬುದ್ಧಿ ಅವಕ್ಕಿಲ್ಲ. ಸಾಲದ್ದಕ್ಕೆ ನಾನು ಕೇಬಲ್ ಒತ್ತಿ ಹಿಡಿದು ಬಾಯಲ್ಲೇ ಸೆಕೆಂಡು ಎಣಿಸಿದ್ದೆ.

ಇದನ್ನೆಲ್ಲ ಫೋನಿನಲ್ಲಿ ಹೇಳಿ ಮುಗಿಸುವ ಮೊದಲೇ ಗೆಳೆಯ ಔಷಧಿ ಬರೆದುಬಿಟ್ಟ. "ಇನ್ನೆರಡು ನಿಮಿಷ ಕುದಿಸಬೇಕಿತ್ತು ಕಣೋ." ನಮ್ಮಲ್ಲಿ ಈ ಕುದಿಸುವವರದೊಂದು ಪಂಥವೇ ಇದೆ. ನೆಗೆಟಿವ್ ತೆಳುವೇ? ಕುದಿಸು. ಬೇಳೆ ಬೇಯದಿದ್ದರೆ ಕುದಿಸಬಹುದು ಸ್ವಾಮಿ, ಪಾತ್ರೆಗೆ ಬೇಳೆಯೇ ಬೀಳದಿದ್ದರೆ? ಹೆಚ್ಚು ಹೊತ್ತು ಡೆವಲಪ್ ಮಾಡಿದರೆ ಬೆಳಕು ಚೆನ್ನಾಗಿ ತಗುಲಿದ ಕಡೆ ಬೆಳ್ಳಿ ಇನ್ನಷ್ಟು ದಪ್ಪವಾಗುತ್ತದೆ, ಬೆಳಕೇ ತಗುಲದ ಕಡೆ ಖಾಲಿ ಖಾಲಿಯಾಗಿಯೇ ಉಳಿಯುತ್ತದೆ. ಹರ್ಟರ್ ಮತ್ತು ಡ್ರಿಫೀಲ್ಡ್ ಇದಕ್ಕೆ 1890ರಲ್ಲೇ ಗೆರೆ ಎಳೆದು ತೋರಿಸಿದ್ದಾರೆ. ಸಮಯ ಹೆಚ್ಚಿಸಿದರೆ ಗೆರೆ ಕಡಿದಾಗಿ ಏರುತ್ತದೆಯೇ ಹೊರತು ಅದರ ಬುಡ ಅಲುಗುವುದು ಅಷ್ಟಕ್ಕಷ್ಟೆ. ನಮ್ಮ ವೀರ ಬಿದ್ದಿರುವುದು ಆ ಬುಡದಲ್ಲಿ. ಎರಡು ನಿಮಿಷ ಕುದಿಸಿದ್ದರೆ ಅಪ್ಸರೆಯರ ಪಾದ ಸುಣ್ಣ ಬಳಿದಂತಾಗುತ್ತಿತ್ತು, ಅವನು ಮಾತ್ರ ಏಳುತ್ತಿರಲಿಲ್ಲ. ಸೆಲೆನಿಯಂ ಟೋನರಿನದೂ ಇದೇ ಕಥೆ: ಇದ್ದವರಿಗೆ ಇನ್ನಷ್ಟು ಬಡಿಸುತ್ತದೆ. ಇನ್ನು "ಸ್ಕ್ಯಾನ್ ಮಾಡು, ಶ್ಯಾಡೋ ಎತ್ತೋಣ" ಎನ್ನುವವರ ಜತೆ ನಾನು ಮಾತು ಬಿಟ್ಟಿದ್ದೇನೆ.

ನಿಜವಾದ ಕಾರಣ ನನಗೆ ಬ್ರಷ್ಷು ಬಾಯಲ್ಲಿದ್ದಾಗಲೇ ಹೊಳೆದಿತ್ತು. ಟೇಪು.

ಟೇಪು ಅಂದರೆ ದರ್ಜಿಯ ಟೇಪು. ಬೆಲ್ಲೋಸ್ ಎಷ್ಟು ಹಿಗ್ಗಿದೆಯೋ ಅಷ್ಟು ಬೆಳಕು ಸೊರಗುತ್ತದೆ ಎಂಬುದನ್ನು ಲೆಕ್ಕ ಹಾಕಲು ಜನ ಏನೇನೋ ಇಟ್ಟುಕೊಂಡಿರುತ್ತಾರೆ: ಪಟ್ಟಿ, ಚಕ್ರ, ಫೋನಿನಲ್ಲಿ ಆ್ಯಪು. ನನಗೆ ಟೇಪು ಸಾಕು, ಅದೂ ಇಂಚಿನ ಮಗ್ಗುಲು. ನನ್ನ 210 ಮಿಲಿಮೀಟರ್ ಲೆನ್ಸು ಹೆಚ್ಚು ಕಡಿಮೆ 8 ಇಂಚು. ಈಗ ಅಪರ್ಚರಿನ ಅಂಕಿಗಳನ್ನು ಬಾಯಿಪಾಠ ಒಪ್ಪಿಸಿ: 8, 11, 16. ಅವನ್ನೇ ಇಂಚು ಎಂದುಕೊಳ್ಳಿ. ಲೆನ್ಸಿನಿಂದ ಫಿಲ್ಮಿಗೆ 8 ಇಂಚಿದ್ದರೆ ಏನೂ ಸೇರಿಸಬೇಕಿಲ್ಲ, 11 ಆದರೆ ಒಂದು ಸ್ಟಾಪು, 16 ಆದರೆ ಎರಡು. ವರ್ಗ, ವರ್ಗಮೂಲ, ಭಾಗಾಕಾರ ಯಾವುದೂ ಇಲ್ಲ. 150ರ ಲೆನ್ಸಾದರೆ ಒಂದು ಮನೆ ಹಿಂದಿನಿಂದ ಶುರು: 5.6, 8, 11. ಕಾಲಿಂಚು ಆಚೀಚೆ ಆಗುತ್ತದೆ ಎಂದು ತಕರಾರು ತೆಗೆಯುವವರು ಇದ್ದಾರೆ. ಅವರ ನೆಗೆಟಿವ್‌ಗಳನ್ನು ನಾನು ನೋಡಿದ್ದೇನೆ, ಹೆಚ್ಚು ಹೇಳುವುದಿಲ್ಲ. ಕಪ್ಪು ಬಟ್ಟೆ ಹೊದ್ದು, ಬೆವರಿಳಿಸಿಕೊಂಡು, ಒಂದು ಕೈಯಲ್ಲಿ ಟೇಪಿನ ತುದಿಯನ್ನು ಗ್ರೌಂಡ್ ಗ್ಲಾಸಿಗೆ ಒತ್ತಿ ಇನ್ನೊಂದು ಕೈಯಲ್ಲಿ ಲೆನ್ಸಿನವರೆಗೆ ಎಳೆಯುವಾಗ, ರವಿಕೆಗೆ ಅಳತೆ ತೆಗೆಯುವ ಗಾಂಭೀರ್ಯವೊಂದು ತಾನಾಗಿ ಬರುತ್ತದೆ.

ಟೇಪು ಅತ್ತಿಗೆಯದು. ಅವರು ನಿಜಕ್ಕೂ ರವಿಕೆ ಹೊಲಿಯುವವರು. ಹೊರಡುವ ಹಿಂದಿನ ರಾತ್ರಿ ನನ್ನ ಚೀಲದಿಂದ ಅದನ್ನು ವಾಪಸು ತೆಗೆದುಕೊಂಡಿದ್ದರು, ಅದು ಅವರ ಹಕ್ಕು. ಗೂಡಿನ ಮುಂದೆ ಚೀಲ ತಡಕಿದಾಗ ಗೊತ್ತಾಯಿತು. ಗೇಣು ಹಾಕೋಣ ಅಂದುಕೊಳ್ಳುವಷ್ಟರಲ್ಲಿ, ಅಷ್ಟು ಹೊತ್ತೂ ಮಾತಿಲ್ಲದೆ ನೋಡುತ್ತಿದ್ದ ಅಜ್ಜಿಯೊಬ್ಬರು ತಾವೂ ಬಟ್ಟೆಯೊಳಗೆ ನೋಡಬೇಕೆಂದರು. ನೋಡಿದರು. ತಲೆ ಹೊರಗೆ ತೆಗೆದು, "ಅಯ್ಯ, ಸ್ವರ್ಗವ ಕೆಳಿಕ್ಕೆ ಹಾಕಿದೀಯಲ್ಲೋ ಮಾರಾಯ" ಎಂದರು. ನಕ್ಕು, ಎಲ್ಲ ಕ್ಯಾಮೆರಾದಲ್ಲೂ ಹಾಗೇ ಎಂದು ವಿವರಿಸಿ, ಅವರಿಗೆ ಸಮಾಧಾನವಾಗದೆ, ಇನ್ನೊಮ್ಮೆ ತೋರಿಸಿ, ಕೊನೆಗೆ ಫಿಲ್ಮು ಹಾಕಿ ಎಣಿಸಿದ್ದು ಆರು ಸೆಕೆಂಡು.

ಆರು ಎಲ್ಲಿಂದ ಬಂತು? ವೀರನ ಕೆನ್ನೆಯ ನೆರಳನ್ನು ಅಳೆದು ಮೂರನೇ ವಲಯದಲ್ಲಿಟ್ಟಾಗ ಎಫ್/32ಕ್ಕೆ ಮೀಟರು ಹೇಳಿದ್ದು 4 ಸೆಕೆಂಡು. ಮಂದ ಬೆಳಕಲ್ಲಿ ಫಿಲ್ಮು ಸೋಮಾರಿಯಾಗುತ್ತದೆ. ಅದಕ್ಕೆ ಇಲ್‌ಫೋರ್ಡಿನವರು ಕೊಟ್ಟ ಘಾತ 1.31; 4 ಸೆಕೆಂಡು 6 ಆಗುತ್ತದೆ. ಅದನ್ನು ಮರೆತಿರಲಿಲ್ಲ. ಆದರೆ ಆವತ್ತು ಬೆಲ್ಲೋಸ್ ಹನ್ನೊಂದೂವರೆ ಇಂಚು ಹಿಗ್ಗಿತ್ತು, ಮನೆಗೆ ಬಂದು ಮೊದಲು ಅಳೆದದ್ದೇ ಅದನ್ನು. ಹಾಗಾದರೆ 4ರ ಬದಲು 8, ಆ 8ಕ್ಕೆ ಘಾತ ಹಾಕಿದರೆ 15. ಕೊಟ್ಟದ್ದು ಬೇಕಾದ್ದರ ಅರ್ಧಕ್ಕೂ ಕಡಿಮೆ.

ಫಿಲ್ಮಿನ ಈ ಸೋಮಾರಿತನವನ್ನು ಲೆಕ್ಕಕ್ಕೆ ತಂದವರಲ್ಲಿ ದೊಡ್ಡ ಹೆಸರು ಕಾರ್ಲ್ ಶ್ವಾರ್ಟ್ಸ್‌ಶಿಲ್ಟ್, ಜರ್ಮನಿಯ ಖಗೋಳಜ್ಞ. ವಿಯೆನ್ನಾದ ವೀಕ್ಷಣಾಲಯದಲ್ಲಿ ನಕ್ಷತ್ರಗಳ ಪ್ಲೇಟು ತೆಗೆಯುತ್ತಿದ್ದಾಗ ಹೊತ್ತು ಇಮ್ಮಡಿಯಾದರೂ ಕಪ್ಪು ಇಮ್ಮಡಿಯಾಗದ್ದನ್ನು ಕಂಡು ಸೂತ್ರ ಕಟ್ಟಿದ. ಮುಂದೆ ಮಹಾಯುದ್ಧದ ಸೇನೆಯಲ್ಲಿದ್ದುಕೊಂಡೇ ಐನ್‌ಸ್ಟೈನರ ಸಮೀಕರಣಗಳನ್ನು ಬಿಡಿಸಿದವನೂ ಅವನೇ. ಬೆಳಕು ಆಚೆ ಬರಲಾಗದ ಕಪ್ಪುಕುಳಿಯ ತ್ರಿಜ್ಯಕ್ಕೆ ಇವತ್ತೂ ಅವನದೇ ಹೆಸರು. ಒಬ್ಬನೇ ಮನುಷ್ಯ ಪ್ಲೇಟಿಗೆ ಹತ್ತದ ಬೆಳಕನ್ನೂ ಕುಳಿಯಿಂದ ಹೊರಬಾರದ ಬೆಳಕನ್ನೂ ಅಳೆದ. ವೀರನ ಮುಖವಿರಬೇಕಾದ ಆ ಬೋಳು ಜಾಗ ನೋಡುವಾಗೆಲ್ಲ ನನಗೆ ಈ ಎರಡೂ ಒಂದೇ ಕುಳಿ ಅನ್ನಿಸುತ್ತದೆ.

ಲೆಕ್ಕವನ್ನು ಗೆಳೆಯನಿಗೆ ಒಪ್ಪಿಸಿದೆ. ಅವನು ತನ್ನ ಎರಡನೇ ಗುಳಿಗೆ ತೆಗೆದ: "ಅದಕ್ಕೇ ನಾನು ಯಾವಾಗಲೂ 400ರ ಫಿಲ್ಮನ್ನು 200 ಅಂತಲೇ ಇಡೋದು." ಕಾಗದ ಪೆನ್ನು ಹಿಡಿದು ನೋಡಿದೆ. 200 ಎಂದು ಇಟ್ಟಿದ್ದರೆ ಮೀಟರು 8 ಸೆಕೆಂಡು ಹೇಳುತ್ತಿತ್ತು, ಘಾತ ಹಾಕಿದರೆ 15. ಟೇಪು ಮರೆತರೂ, ಅಜ್ಜಿ ಬಂದರೂ, ವೀರ ಬರುತ್ತಿದ್ದ. ಅದೇ ನನಗೆ ಉರಿ! ರೋಗವೇನೆಂದು ನೋಡದೆ ಎಲ್ಲರಿಗೂ ಅದೇ ಗುಳಿಗೆ ಕೊಡುವ ವೈದ್ಯನ ಕೈಯಲ್ಲಿ ನನ್ನ ರೋಗಿ ಬದುಕಿಬಿಡುತ್ತಿದ್ದ.

ಆದರೂ ಒಪ್ಪುವುದಿಲ್ಲ. 1960ರವರೆಗೆ ಅಮೆರಿಕದ ಮಾನಕದಲ್ಲೇ ಈ ಕಾಪುನಿಧಿ ಸೇರಿತ್ತು; ಜನ ತಪ್ಪು ಮಾಡುತ್ತಾರೆಂದು ಸಮಿತಿಯವರು ವೇಗವನ್ನು ಬೇಕೆಂದೇ ಕಡಿಮೆ ನಮೂದಿಸುತ್ತಿದ್ದರು. ಆ ವರ್ಷ ಅದನ್ನು ತೆಗೆದರು, ರಾತ್ರೋರಾತ್ರಿ ಕಪ್ಪುಬಿಳುಪು ಫಿಲ್ಮುಗಳ ವೇಗ ಇಮ್ಮಡಿಯಾಯಿತು. ಗೆಳೆಯ ತಾನು ಕಂಡುಹಿಡಿದೆ ಎನ್ನುವುದು ಸಮಿತಿ ಬಿಸಾಡಿದ ಕೊಡೆ. ಇರಲಿ, ಹಿಡಿದುಕೊಳ್ಳಲಿ. ಆದರೆ ನಾಳೆ ಬೆಲ್ಲೋಸ್ 16 ಇಂಚು ಹಿಗ್ಗಿದಾಗ ಆ ಕೊಡೆ ಅರ್ಧ ಮೈಯನ್ನಷ್ಟೇ ಕಾಯುತ್ತದೆ, ಆಗ ಯಾಕೆ ನೆನೆದೆ ಎಂಬುದು ಅವನಿಗೆ ಗೊತ್ತೇ ಆಗುವುದಿಲ್ಲ. ಮತ್ತೆ ಕುದಿಸಲು ಹೊರಡುತ್ತಾನೆ. ಇಪ್ಪತ್ತು ವರ್ಷದಿಂದ ಕುದಿಸುತ್ತಿದ್ದಾನೆ. ಅವನ ಒಂದು ನೆಗೆಟಿವ್‌ನಲ್ಲಾದರೂ ಆಕಾಶ ಉಳಿದಿದ್ದನ್ನು ನಾನು ನೋಡಿಲ್ಲ, ನೋಡಿದ್ದೇನೆ ಎಂದು ಯಾರಾದರೂ ಹೇಳಿದರೆ ನಂಬುವುದೂ ಇಲ್ಲ.

ಮೂರನೆಯ ಶೀಟಿನ ವಿಷಯ ಅವನಿಗೆ ಹೇಳಿಲ್ಲ. ಅದು ಉಳಿದೆರಡಕ್ಕಿಂತಲೂ ತೆಳು, ಪಾದಗಳೂ ಹೊಗೆಯಂತಿವೆ. ಕಚ್ಚು ಬಲಮೇಲಿನ ಮೂಲೆಗೆ ಬರುವಂತೆ ಹಿಡಿದೆ. ಆಗ ಎಮಲ್ಷನ್ ನನ್ನ ಕಡೆಗಿದ್ದು ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ತಿರುಗಿರಬೇಕು. ಹಳಗನ್ನಡದಲ್ಲಿ ನನಗೆ ಧೈರ್ಯವಾಗಿ ಗುರುತು ಹತ್ತುವುದು ಒಂದು 'ಗ' ಮಾತ್ರ. ಅದು ನೆಟ್ಟಗೆ, ಪಕ್ಕದ ಅಕ್ಷರಗಳೊಂದಿಗೆ ಎಡದಿಂದ ಬಲಕ್ಕೆ ಹೊರಟಿತ್ತು. ಫಿಲ್ಮನ್ನು ಹೋಲ್ಡರಿಗೆ ಬೆನ್ನು ಮುಂದಾಗಿ ತುಂಬಿದ್ದೇನೆ. ಬೆಳಕು ಬೆನ್ನ ಲೇಪ ದಾಟಿ ಬರುವಷ್ಟರಲ್ಲಿ ಸೊರಗಿಹೋಗಿದೆ.

ಎಸೆಯಲಿಲ್ಲ. ತೆಳು ನೆಗೆಟಿವ್ ನೋಡಲು ನನ್ನದೊಂದು ಪದ್ಧತಿಯಿದೆ: ಮಡಿಸಿದ ಕಪ್ಪು ಕೊಡೆಯ ಬಟ್ಟೆಯ ಮೇಲಿಟ್ಟು, ಕಿಟಕಿಯ ಬೆಳಕು ಓರೆಯಾಗಿ ಬೀಳುವಂತೆ ತಿರುಗಿಸುತ್ತ ಹೋಗುವುದು. ಒಂದು ಕೋನದಲ್ಲಿ ಬೆಳ್ಳಿ ಮಿನುಗಿ, ಕಪ್ಪು ಬಿಳಿಯಾಗಿ, ಚಿತ್ರ ಸಟಕ್ಕನೆ ನೇರವಾಗುತ್ತದೆ. 1850ರ ದಶಕದಲ್ಲಿ ಇದೇ ಒಂದು ಕಸುಬಾಗಿತ್ತು. ಗಾಜಿನ ಮೇಲೆ ಕೊಲೋಡಿಯನ್ ಹಚ್ಚಿ, ಬೆಳಕನ್ನು ಬೇಕೆಂದೇ ಕಡಿಮೆ ಕೊಟ್ಟು, ಹಿಂದೆ ಕಪ್ಪು ಇಟ್ಟು, ಚೌಕಟ್ಟು ಹಾಕಿ ಮಾರುತ್ತಿದ್ದರು. ಆ್ಯಂಬ್ರೋಟೈಪ್. ಅಮೆರಿಕದ ಜೇಮ್ಸ್ ಆ್ಯಂಬ್ರೋಸ್ ಕಟಿಂಗ್ ಅದರ ವಿಧಾನಕ್ಕೆ 1854ರಲ್ಲಿ ಪೇಟೆಂಟ್ ಪಡೆದ. ನನ್ನ ಈ ಮೂರು ಶೀಟು ಆ ಕಾಲದಲ್ಲಾಗಿದ್ದರೆ ಗಿರಾಕಿ ಸಿಗುತ್ತಿದ್ದರೋ ಏನೋ.

ಕೊಡೆಯ ಮೇಲೆ ಮೊದಲನೆಯದನ್ನು ತಿರುಗಿಸಿದೆ. ಪಾದಗಳು ಬೂದುಬಣ್ಣದಲ್ಲಿ ಎದ್ದವು, ಅಕ್ಷರಗಳ ಮೇಲಂಚು ಮಿಂಚಿತು. ಇನ್ನಷ್ಟು ಓರೆ ಮಾಡಿದಾಗ ಕೆಳಗೆ, ಬೋಳೆಂದುಕೊಂಡಿದ್ದ ಜಾಗದಲ್ಲಿ, ಕತ್ತಿಯ ಬಾಯಿಯ ಒಂದೇ ಒಂದು ಗೆರೆ, ಕೂದಲೆಳೆಯಷ್ಟು. ಕೈ ಅಲುಗಿತು, ಹೋಯಿತು. ಮತ್ತೆ ಸಿಗಲು ಹತ್ತು ನಿಮಿಷ ಹಿಡಿಯಿತು.

ಬರುವ ಭಾನುವಾರ ಮತ್ತೆ ಹೊರಟಿದ್ದೇನೆ. ಟೇಪನ್ನು ಈ ಸಲ ಕ್ಯಾಮೆರಾದ ಹಿಡಿಕೆಗೇ ಗಂಟು ಹಾಕಿಟ್ಟಿದ್ದೇನೆ. ಒಳಗೆ ಅತ್ತಿಗೆ ಒಂದೊಂದೇ ಡ್ರಾಯರ್ ಎಳೆದು ಹುಡುಕುವ ಸದ್ದು ಕೇಳಿಸುತ್ತಿದೆ.