ಇಲ್ಲಿ ಅಂದರೆ ಎಲ್ಲಿ?

ಮೊನ್ನೆ ಮೊಮ್ಮಗ ಜಾತ್ರೆಯಿಂದ ಒಂದು ಲೇಸರ್ ಪಾಯಿಂಟರ್ ತಂದ. ಗೋಡೆಯ ಮೇಲೆ ಹಸಿರು ಚುಕ್ಕಿ ಓಡಿಸುತ್ತಾನೆ, ಬೆಕ್ಕು ಅದರ ಹಿಂದೆ ನೆಗೆಯುತ್ತದೆ. ಮನೆಮಂದಿಗೆಲ್ಲ ನಗು. ಚುಕ್ಕಿ ಅವನ ತಂಗಿಯ ಮುಖದ ಹತ್ತಿರ ಸುಳಿದಾಗ ಮಾತ್ರ ನಾನು ಕಸಿದುಕೊಂಡೆ. ಅದರ ಮೈಮೇಲೆ ಎಷ್ಟು ಶಕ್ತಿಯದು ಎಂಬ ಚೀಟಿಯೇ ಇರಲಿಲ್ಲ.

“ತಾತನಿಗೆ ಇದೆಲ್ಲ ಏನು ಗೊತ್ತು?” ಅಂದ.

“ನಾನು ಇದನ್ನು ಕೋರ್ಟಿನಲ್ಲಿ ಬಳಸಿದವನು ಕಣೋ.”

ನಂಬಲಿಲ್ಲ. ಹಾಗಾಗಿ ಹೇಳಬೇಕಾಯಿತು.

ನಾನು ವಕೀಲಿ ಮಾಡಿದ್ದು ತಾಲ್ಲೂಕು ಊರಿನಲ್ಲಿ. ಬದು, ಬಾವಿ, ಗಾಡಿದಾರಿ, ಇವೇ ಜಗಳಗಳು. ನಕ್ಷೆ ಹರಡಿದರೆ ನ್ಯಾಯಾಧೀಶರು, ಇಬ್ಬರು ವಕೀಲರು, ಸಾಕ್ಷಿ ಎಲ್ಲರೂ ತಲೆಗೆ ತಲೆ ತಾಗಿಸಿ ಬಗ್ಗಬೇಕು. ಒಬ್ಬ ಅಜ್ಜಿಯ ಹೊಲದ ದಾರಿಯನ್ನು ಪಕ್ಕದವರು ಮುಚ್ಚಿದ್ದರು. ಆ ಮೊಕದ್ದಮೆಯಲ್ಲಿ ಅನುಮತಿ ಕೇಳಿ, ಸರ್ವೆ ನಕ್ಷೆಯನ್ನು ಪ್ರೊಜೆಕ್ಟರಿನಿಂದ ಬಿಳಿ ಪರದೆಯ ಮೇಲೆ ಬೀಳಿಸಿದೆ.

ಪಾಯಿಂಟರ್ ತರಲು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿದ್ದೆ. ಅಂಗಡಿಯವನು “ಇದು ಬೆಟ್ಟದವರೆಗೂ ಹೋಗುತ್ತೆ ಸಾರ್” ಎಂದು ಒಂದನ್ನು ಹಿಡಿದ. ನನಗೆ ಬೇಕಿದ್ದದ್ದು ಹತ್ತು ಹೆಜ್ಜೆ ದೂರದ ಪರದೆ, ಬೆಟ್ಟವಲ್ಲ. ಕ್ಲಾಸ್ 2 ಎಂದು ಬರೆದಿದ್ದ, 1 ಮಿಲಿವ್ಯಾಟ್ ಮೀರದ್ದನ್ನು ಆರಿಸಿದೆ. ಅಷ್ಟರದು ಅಕಸ್ಮಾತ್ ಕಣ್ಣಿಗೆ ಬಿದ್ದರೆ, ಕಾಲು ಸೆಕೆಂಡಿನೊಳಗೆ ರೆಪ್ಪೆ ತಾನೇ ಮುಚ್ಚಿ ಕಾಪಾಡುತ್ತದೆ. ಬೇಕೆಂದೇ ದಿಟ್ಟಿಸಬಾರದು, ಅಷ್ಟೆ. ಬಣ್ಣ ಹಸಿರು. ಶಕ್ತಿ ಒಂದೇ ಇದ್ದರೂ ನಮ್ಮ ಕಣ್ಣಿಗೆ ಕೆಂಪಿಗಿಂತ ಹಸಿರು ಚುಕ್ಕಿ ಹೆಚ್ಚು ಬೆಳಗಿ ಕಾಣುತ್ತದೆ.

ಹಿಂದಿನ ರಾತ್ರಿ ಮನೆಯಲ್ಲೇ ಅಭ್ಯಾಸ. ಕೈ ಕೂದಲೆಳೆಯಷ್ಟು ನಡುಗಿದರೆ ಗೋಡೆಯ ಮೇಲಿನ ಚುಕ್ಕಿ ಗೇಣುದ್ದ ಕುಣಿಯುತ್ತದೆ! ಮೊಣಕೈ ಮೇಜಿಗೆ ಊರಿ, ಗುಂಡಿ ಒತ್ತಿ, ತೋರಿಸಿ, ಬಿಟ್ಟುಬಿಡುವುದನ್ನು ಕಲಿತೆ.

ಮರುದಿನ ಸಾಕ್ಷಿ ಹೇಳಲು ಬಂದವರು ಎಂಬತ್ತು ದಾಟಿದ ರೈತರು. ಪಾಯಿಂಟರ್ ಕೈಗೆ ಕೊಟ್ಟೊಡನೆ ಬೆಳಕು ಎಲ್ಲಿಂದ ಬರುತ್ತದೆಂದು ಅದರ ತೂತಿಗೇ ಕಣ್ಣಿಡಲು ಹೋದರು. ನಾನು ಓಡಿ ಮಣಿಕಟ್ಟು ಹಿಡಿದೆ. ಆಮೇಲೆ ಅವರು ಬಲು ಚೆನ್ನಾಗಿ ತೋರಿಸಿದರು. “ಇಲ್ಲಿಂದ ಹೊರಟು, ಹಿಂಗೆ ಬಂದು, ಇಲ್ಲಿ ಸೇರ್ತಿತ್ತು ಸ್ವಾಮಿ.” ಎಲ್ಲರೂ ಕಣ್ಣಾರೆ ಕಂಡರು. ನ್ಯಾಯಾಧೀಶರು ತಲೆಯಾಡಿಸಿದರು. ನಾನು ಹಿಗ್ಗಿಹೋದೆ. ಗೆದ್ದೆವು.

ಎದುರಿನವರು ಅಪೀಲು ಹೋದರು. ಮೇಲಿನ ನ್ಯಾಯಾಲಯಕ್ಕೆ ಸಾಕ್ಷಿ ಬರುವುದಿಲ್ಲ, ಪರದೆಯೂ ಬರುವುದಿಲ್ಲ. ಬೆರಳಚ್ಚಾದ ಹೇಳಿಕೆ ಮಾತ್ರ ಹೋಗುತ್ತದೆ. ಅದರಲ್ಲಿ ಇದ್ದದ್ದು: “ದಾರಿ ಇಲ್ಲಿಂದ ಹೊರಟು, ಹೀಗೆ ಬಂದು, ಇಲ್ಲಿ ಸೇರುತ್ತಿತ್ತು.”

“ಇಲ್ಲಿ ಅಂದರೆ ಎಲ್ಲಿ?” ಎಂದು ಕೇಳಿದರು.

ನನ್ನ ಬಳಿ ಉತ್ತರವಿರಲಿಲ್ಲ. ಆ ರೈತರು ಅಷ್ಟರಲ್ಲಿ ತೀರಿಕೊಂಡಿದ್ದರು. ಸೋಲಿಗೆ ಬೇರೆ ಕಾರಣಗಳೂ ಇದ್ದವು, ಆದರೆ ಈ ತೂತು ನನ್ನದೇ. ಅಜ್ಜಿ ಬಯ್ಯಲಿಲ್ಲ. “ಎಲ್ರೂ ನೋಡಿದ್ರಲ್ಲ ಸ್ವಾಮಿ” ಎಂದಷ್ಟೇ ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ನಾನು ಸಾಕ್ಷಿ ಚುಕ್ಕಿ ಇಟ್ಟ ಕ್ಷಣವೇ ಗಟ್ಟಿಯಾಗಿ ಕೇಳುತ್ತಿದ್ದೆ: “ಈಶಾನ್ಯ ಮೂಲೆಯ ಹುಣಸೆಮರವೇ? ಅಲ್ಲಿಂದ ದಕ್ಷಿಣಕ್ಕೆ ಬಾವಿಯವರೆಗೋ?” ಅದು ಅಚ್ಚಾಗುವವರೆಗೆ ಮುಂದಿನ ಪ್ರಶ್ನೆಯಿಲ್ಲ. ನಕ್ಷೆಯ ಪ್ರತಿಯ ಮೇಲೆ ಸಾಕ್ಷಿಯ ಕೈಯಿಂದಲೇ ಗೆರೆ ಎಳೆಸಿ, ಆ ಗೆರೆಗೆ ನಿಶಾನೆ ಸಂಖ್ಯೆ ಹಾಕಿಸುತ್ತಿದ್ದೆ.

ಮೊಮ್ಮಗನ ಜಾತ್ರೆಯ ಪಾಯಿಂಟರ್ ಬೀರು ಸೇರಿತು. ನನ್ನ ಹಳೆಯದಕ್ಕೆ ಹೊಸ ಸೆಲ್ ಹಾಕಿ ಒಂದು ಆಟ ಕಟ್ಟಿದೆವು. ತಂಗಿ ಕಣ್ಣು ಮುಚ್ಚಿ ಕೂರಬೇಕು, ಅವನು ಚುಕ್ಕಿ ಇಟ್ಟು ಜಾಗ ವಿವರಿಸಬೇಕು, ಅವಳು ವಸ್ತು ಯಾವುದೆಂದು ಹೇಳಬೇಕು. “ಇಲ್ಲಿ” ಅಂದರೆ ಔಟ್. ಮೊದಲ ಸಲ ಅವನು ಔಟಾದ. ಎರಡನೇ ಸಲ “ಗಡಿಯಾರದ ಕೆಳಗೆ, ಕಿಟಕಿಯ ಎಡಕ್ಕೆ ಒಂದು ಗೇಣು” ಅಂದ.

“ಅಜ್ಜಿ ಫೋಟೋ!” ಎಂದು ಅವಳು ಕೂಗಿದಳು.

“ಫೋಟೋಗೆ ಗಾಜಿದೆ, ಬೆಳಕು ವಾಪಸ್ ಬರುತ್ತೆ, ಆರಿಸೋ!” ಎಂದು ನಾನು ಕೂಗಿದೆ.